ನಗುವ ಮನೆ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಟೀಚರಮ್ಮ ಎಂದೇ. ಈ ಕೆಲಸಕ್ಕೆ ಬರುವ ಮೊದಲು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವಳು. ಸ್ಕೂಲು ಬಿಟ್ಟು ಬಂದರೂ ಸ್ಕೂಲಿನ ದನಿಯನ್ನು ಅಲ್ಲಿಯೇ ಬಿಟ್ಟು ಬಂದಿರಲಿಲ್ಲ. ಲಿಫ್ಟಿನಲ್ಲಿ ನಿಂತು ಮಾತಾಡಿದರೂ ಕೊನೆಯ ಬೆಂಚಿಗೆ ಕೇಳಿಸಬೇಕು ಅನ್ನುವ ಹಾಗೆ ಮಾತಾಡುತ್ತಿದ್ದಳು. ಬಾಯಿ ಜೋರು, ಕೈ ಚುರುಕು, ತಮಾಷೆ ಎಂದರೆ ಪ್ರಾಣ. ಅವಳಿದ್ದ ಕಡೆ ನಗುವಿಗೆ ಬರವಿಲ್ಲ. ಆ ನಗು ಯಾರನ್ನು ತುಳಿದುಕೊಂಡು ಬರುತ್ತಿದೆ ಎಂದು ತಿರುಗಿ ನೋಡುವ ಅಭ್ಯಾಸ ಮಾತ್ರ ಅವಳಿಗೆ ಇರಲಿಲ್ಲ.

ಕಂಪನಿಯದು ಫೋನಿನಲ್ಲಿ ಪಾಠ ಹೇಳುವ ಕೆಲಸ. ಅರ್ಧಕ್ಕೆ ಸ್ಕೂಲು ಬಿಟ್ಟ ದೊಡ್ಡವರು, ಈಗಲಾದರೂ ಒಂದು ಪರೀಕ್ಷೆ ಕಟ್ಟೋಣ ಎಂದುಕೊಂಡವರು ಅಲ್ಲಿ ಸೇರುತ್ತಿದ್ದರು. ಎಲ್ಲರಿಗೂ ಒಂದೇ ಪಾಠ ಅಲ್ಲ, ಒಬ್ಬೊಬ್ಬರಿಗೆ ಒಂದೊಂದು ದಾರಿ. ಆ ದಾರಿ ಹಾಕಿಕೊಡುವುದು ಯಂತ್ರ. ಆದರೆ ಯಂತ್ರಕ್ಕೆ ಓದಲು ಬರುತ್ತದೆಯೇ ಹೊರತು ಓದಿದ್ದರ ಅರ್ಥ ಆಗುವುದಿಲ್ಲ. ಅಂತರ್ಜಾಲದ ತುಂಬ ಚೆಲ್ಲಿಕೊಂಡಿರುವ ಪುಟ, ವಿಡಿಯೊ, ಅಭ್ಯಾಸಗಳಲ್ಲಿ ಯಾವುದಕ್ಕೆ ಯಾವುದು ಏನಾಗಬೇಕು ಎಂದು ಅದಕ್ಕೆ ಯಾರಾದರೂ ಬಿಡಿಸಿ ಹೇಳಬೇಕು, ಮದುವೆ ಮನೆಯಲ್ಲಿ ಹಿರಿಯ ಹೆಂಗಸರು ನೆಂಟಸ್ತಿಕೆ ಬಿಡಿಸಿ ಹೇಳುತ್ತಾರಲ್ಲ, ಹಾಗೆ. ಹೇಳುವವಳು ಟೀಚರಮ್ಮ. ಹೇಳುವುದು ಮೂರು ತುಂಡಿನ ಸಾಲುಗಳಲ್ಲಿ. ‘ಭಾಗಾಕಾರ — ಮೊದಲು ಬೇಕು — ಭಿನ್ನರಾಶಿಗೆ.’ ‘ಈ ವಿಡಿಯೊ — ವಿವರಿಸುತ್ತದೆ — ಮುಕ್ಕಾಲನ್ನು.’ ಕಲಿಯುವವರ ಬಗ್ಗೆಯೂ ಅಂಥವೇ ಸಾಲುಗಳು. ಸಾಲಿಗೆ ಸಾಲು ಕೊಂಡಿ ಹಾಕುತ್ತ ಹೋದರೆ ಯಾರೂ ಹೇಳದೆ ಇದ್ದದ್ದನ್ನೂ ಯಂತ್ರ ತಾನೇ ಊಹಿಸಿಕೊಳ್ಳುತ್ತಿತ್ತು. ಹೇಗೆ ಊಹಿಸಿತು ಎಂದು ತಿಳಿಯಲು ಪರದೆಯ ಮೂಲೆಯಲ್ಲಿ ‘ಯಾಕೆ?’ ಎಂಬ ಗುಂಡಿ. ಅದನ್ನು ಮಾಡಿಸಿದ್ದು ಅವಳೇ. ಪಾಠದ ಹೊತ್ತಾದಾಗ ಫೋನಿನಲ್ಲಿ ಸ್ಕೂಲಿನ ಗಂಟೆ ಹೊಡೆಯಬೇಕು, ಪಾಠ ತೆರೆಯುವ ತನಕ ಬಿಟ್ಟು ಬಿಟ್ಟು ಹೊಡೆಯುತ್ತಲೇ ಇರಬೇಕು ಎಂದು ಹಟ ಹಿಡಿದು ಮಾಡಿಸಿದ್ದೂ ಅವಳೇ.

ಹೊಸದಾಗಿ ಸೇರಿದವರನ್ನು ಕಂಪನಿ ಎರಡು ಮಾತು ಕೇಳುತ್ತಿತ್ತು: ಯಾಕೆ ಕಲಿಯಬೇಕು, ಕಲಿಯಲು ಅಡ್ಡಿ ಏನು. ಬರೆಯಲು ಅಳುಕುವವರೇ ಹೆಚ್ಚು, ಅದಕ್ಕೆ ಉತ್ತರವನ್ನು ಬಾಯಲ್ಲಿ ಹೇಳಿದರೆ ಸಾಕು. ಯಂತ್ರ ಅದನ್ನು ಅಕ್ಷರಕ್ಕೆ ಇಳಿಸಿ, ಹೆಸರು, ಅಡ್ಡಹೆಸರು, ಊರು, ಕಸುಬು ಎಲ್ಲ ತೆಗೆದುಹಾಕಿ, ಆಸೆಯ ಮಾತನ್ನು ಒಂದು ಮೇಜಿಗೂ ಅಡ್ಡಿಯ ಮಾತನ್ನು ಇನ್ನೊಂದು ಮೇಜಿಗೂ ಕಳಿಸುತ್ತಿತ್ತು. ಆಸೆಯ ಮೇಜಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು. ಅಡ್ಡಿಯ ಮೇಜು ಟೀಚರಮ್ಮನದು.

ಒಂದು ದಿನ ಆ ಮೇಜಿಗೆ ಬಂದ ಮಾತು ಇದು: ‘ಮನೆಯವಳು ನಗುತ್ತಾಳೆ. ನಾನು ಮಾಡಿದ ತಪ್ಪನ್ನು ಬಂದವರ ಮುಂದೆ ಹೇಳಿ ನಗಿಸುತ್ತಾಳೆ. ಅದಕ್ಕೆ ಮನೆಯಲ್ಲಿ ಪುಸ್ತಕ ಹಿಡಿಯಲು ಧೈರ್ಯ ಬರುವುದಿಲ್ಲ.’

ಓದಿದ ಟೀಚರಮ್ಮನ ಮೈ ಉರಿದುಹೋಯಿತು. "ಎಂಥಾ ಹೆಂಗಸೇ ಇವಳು!" ಎಂದು ಆಸೆಯ ಮೇಜಿನ ಹುಡುಗಿಯ ಹತ್ತಿರ ಎಗರಾಡಿದಳು. ಅಷ್ಟಕ್ಕೇ ಬಿಡಲಿಲ್ಲ. ‘ನಗುವ ಮನೆ’ ಎಂದು ಒಂದು ಹೊಸ ವರ್ಗವನ್ನೇ ಮಾಡಿದಳು. ಆ ವರ್ಗಕ್ಕೆ ಸೇರಿದವರ ಫೋನು ಮನೆಯ ಇಂಟರ್ನೆಟ್ಟಿಗೆ ತಗಲಿಕೊಂಡ ಕೂಡಲೇ ಪಾಠ ತೆಪ್ಪಗಾಗಬೇಕು. ಗಂಟೆ ಹೊಡೆಯಕೂಡದು. ತಪ್ಪಿಗೆ ಕೆಂಪು ಗುರುತು ಹಾಕಕೂಡದು. ‘ನಗುವ ಮನೆ’ ಎಂಬ ಗುರುತನ್ನು ಕಲಿಯುವವರೇ ‘ಅಡ್ಡಿ ಈಗಿಲ್ಲ’ ಎಂದು ಹೇಳಿ ತೆಗೆಯಬೇಕೇ ಹೊರತು ಆಫೀಸಿನವರು ಯಾರೂ ಮುಟ್ಟಕೂಡದು. "ಮನೆಯವರು ಬದಲಾದ್ರೆ ಅದು ಮೊದಲು ಗೊತ್ತಾಗೋದು ಅನುಭವಿಸೋನಿಗೆ, ನಮಗಲ್ಲ" ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿ ಹೇಳಿದಳು. ಎಲ್ಲರೂ ತಲೆದೂಗಿದರು.

ಆ ವಾರದ ರಜೆಯಲ್ಲಿ ಅವಳ ಅಣ್ಣ ಅತ್ತಿಗೆ ಊಟಕ್ಕೆ ಬಂದಿದ್ದರು. ಗಂಡನದು ಫೋಟೊಗೆ ಫ್ರೇಮ್ ಹಾಕುವ ಅಂಗಡಿ. ಎಂಟನೇ ತರಗತಿಗೇ ಸ್ಕೂಲು ಬಿಟ್ಟು ಗರಗಸ ಹಿಡಿದವನು; ಟೇಪಿಗಿಂತ ಕಣ್ಣಳತೆಯನ್ನೇ ನಂಬುವವನು. ಅದಕ್ಕೆ ಅವಳು ಇಟ್ಟ ಹೆಸರು ‘ಅಂದಾಜು’. ಊಟ ಮುಗಿಯುವ ಹೊತ್ತಿಗೆ ಅಣ್ಣ ಯಾವತ್ತಿನ ಹಾಗೆ, "ಮತ್ತೆ, ಭಾವನ ಅಂಗಡೀಲಿ ಏನ್ ವಿಶೇಷ?" ಎಂದ. ಅದು ತಂಗಿಗೆ ಕಥೆ ಶುರುಮಾಡು ಎಂದು ಕೊಡುವ ಸನ್ನೆ.

"ವಿಶೇಷಕ್ಕೇನು ಕಮ್ಮಿ! ಕೇಳಿ ಅತ್ತಿಗೆ. ಒಬ್ರು ಆಳೆತ್ತರಕ್ಕೆ ಕನ್ನಡಿ ಕತ್ತರಿಸಿ ಫ್ರೇಮ್ ಹಾಕ್ಕೊಡಿ ಅಂತ ಬಂದ್ರಂತೆ. ನಮ್ಮ ಅಂದಾಜು ಟೇಪು ಹಿಡೀತಾರಾ? ಗೇಣು ಹಾಕಿದ್ರು. ಆ ಮನುಷ್ಯ ಲೈಟ್ ಕಂಬದಷ್ಟು ಉದ್ದ. ಗೋಡೆಗೆ ಹಾಕಿ ನಿಂತ್ಕೊಂಡ್ರೆ ಕತ್ತಿನ ತನಕ ಕಾಣ್ಸುತ್ತೆ, ಮುಖಾನೇ ಇಲ್ಲ! ಜಗಳ ಆಡೋಕೆ ಅಂತ ಹೆಂಡ್ತೀನ ಕರ್ಕೊಂಡ್ ಬಂದ್ನಂತೆ. ಅವಳು ನೋಡಿ, ‘ಇರ್ಲಿ ಬಿಡಿ, ಹೀಗೇ ಚೆನ್ನಾಗಿದೆ’ ಅಂದ್ಲಂತೆ!"

ಅಣ್ಣ ಕೆಮ್ಮು ಹತ್ತುವಷ್ಟು ನಕ್ಕ. ಅತ್ತಿಗೆ ಕಣ್ಣು ಒರೆಸಿಕೊಂಡಳು.

"ತಡೀರಿ, ಇನ್ನೂ ಇದೆ. ಮೊನ್ನೆ ನಾನು, ರೀ, ಮುಕ್ಕಾಲು ಅಂದ್ರೆ ಎಷ್ಟು ಅಂತ ಕೇಳಿದೆ. ಏನಂದ್ರು ಗೊತ್ತಾ? ‘ಅರ್ಧ ಆದ್ಮೇಲೆ ಇನ್ನೊಂಚೂರು’!"

ಗಂಡನೂ ನಕ್ಕ. ಎಲ್ಲರಿಗಿಂತ ಮೊದಲೇ ನಕ್ಕುಬಿಡುವುದನ್ನು ಅವನು ಎಂದೋ ಕಲಿತಿದ್ದ. ಅಷ್ಟರಲ್ಲಿ ಒಂಬತ್ತನೇ ತರಗತಿಯ ಮಗಳು ಲೆಕ್ಕದ ಪುಸ್ತಕ ಹಿಡಿದು ಕೋಣೆಯಿಂದ ಬಂದಳು. ಬಾಗಿಲಿಗೆ ಹತ್ತಿರ ಕೂತಿದ್ದವನು ಅಪ್ಪ. ಅವಳು ಅವನ ಕುರ್ಚಿಯನ್ನು ದಾಟಿಕೊಂಡು ಆ ತುದಿಯಲ್ಲಿದ್ದ ಅಮ್ಮನ ಕಡೆ ಹೊರಟಳು.

"ಎಲ್ಲಿ, ತೋರ್ಸು" ಎಂದು ಅವನು ಕೈ ಚಾಚಿದ.

"ಬೇಡ ಬಿಡಪ್ಪಾ, ಇದು ಅಂದಾಜಲ್ಲಿ ಬರಲ್ಲ" ಎಂದಳು ಮಗಳು. ಮತ್ತೊಮ್ಮೆ ಎಲ್ಲರೂ ನಕ್ಕರು. ಅವನು ಚಾಚಿದ ಕೈಯಲ್ಲಿ ನೀರಿನ ಜಗ್ಗು ಎತ್ತಿಕೊಂಡು, ತುಂಬಿಸಿ ತರಲು ಎದ್ದ.

ನೆಂಟರು ಹೋದ ಮೇಲೆ ಅವಳು ಪಾತ್ರೆ ತೊಳೆಯುತ್ತಿದ್ದಳು, ಅವನು ಒರೆಸಿ ಇಡುತ್ತಿದ್ದ. ಅವಳಿಗೆ ಆಫೀಸಿನ ವಿಷಯ ನೆನಪಾಯಿತು.

"ರೀ, ನಮ್ಮಲ್ಲಿ ಯಾರೋ ಒಬ್ಬ ಪಾಪ, ಹೆಂಡ್ತಿಗೆ ಹೆದರಿ ಕದ್ದು ಕಲೀತಿದಾನೆ. ಅವನ ತಪ್ಪನ್ನೆಲ್ಲ ಬಂದೋರ ಮುಂದೆ ಹೇಳಿ ನಗಿಸ್ತಾಳಂತೆ. ಎಂಥಾ ಹೆಂಗಸು ನೋಡ್ರೀ! ನನ್ನ ಕೈಗೆ ಸಿಕ್ಕಿದ್ರೆ ಎರಡು ಬಿಗೀತಿದ್ದೆ."

ಅವನು ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದ. "ಹೇಳಿದೋರು ಯಾರು ಅಂತ ಗೊತ್ತಾಗತ್ತಾ ನಿಮಗೆ?"

"ಇಲ್ಲಪ್ಪ. ಹೆಸರು ತೋರಿಸಲ್ಲ, ದನೀನೂ ಕೇಳ್ಸಲ್ಲ. ಬರೀ ಮಾತು ಬರತ್ತೆ."

"ಹಂಗಾದ್ರೆ ಸರಿ." ತಟ್ಟೆಯನ್ನು ಎತ್ತಿಟ್ಟು, "ಅವಳಿಗೆ ಗೊತ್ತಿರಲಿಕ್ಕಿಲ್ಲ ಬಿಡು" ಎಂದ. "ಅಭ್ಯಾಸ ಆಗಿರತ್ತೆ."

"ಗೊತ್ತಿಲ್ದೆ ಏನು? ಕಣ್ಣಿಲ್ವಾ ಅವಳಿಗೆ?" ಎಂದು ಟೀಚರಮ್ಮ ಪಾತ್ರೆಯನ್ನು ಸದ್ದಾಗುವ ಹಾಗೆ ಕುಕ್ಕಿದಳು.

ಇದಾಗಿ ಸ್ವಲ್ಪ ದಿನಕ್ಕೆ ಶಿಕ್ಷಣ ಇಲಾಖೆಯ ಹಿರಿಯ ಅಧಿಕಾರಿಣಿಯೊಬ್ಬರು ಕಂಪನಿಯ ಪಾಠಗಳನ್ನು ನೋಡಲು ಬಂದರು. ಒಪ್ಪಿಗೆಯಾದರೆ ದೊಡ್ಡವರ ಶಾಲೆಗಳಿಗೆಲ್ಲ ಇದೇ ಪಾಠ. ಮೀಟಿಂಗ್ ಕೋಣೆಯ ಗೋಡೆಯ ಮೇಲೆ ಕಂಪನಿಗೆ ಬಂದ ಪ್ರಶಸ್ತಿಪತ್ರಗಳ ಸಾಲು. ಅವಕ್ಕೆ ಫ್ರೇಮ್ ಹಾಕಿದ್ದು ಟೀಚರಮ್ಮನ ಗಂಡನೇ. ಸ್ಟೂಲು ಹತ್ತಿ ಮೊಳೆ ಹೊಡೆದು, ಎಲ್ಲರ ಜೊತೆ ಹರಟೆ ಹೊಡೆದು ಹೋಗಿದ್ದ. ಒಂದು ಫ್ರೇಮಿನ ಮೂಲೆ ಸರಿಯಾಗಿ ಕೂಡಿರಲಿಲ್ಲ, ಸಣ್ಣ ಸಂದು ಉಳಿದಿತ್ತು. "ನಮ್ಮೋರ ಸಹಿ ಅದು" ಎಂದು ಆ ಸಂದನ್ನು ತೋರಿಸಿ ಆಫೀಸನ್ನೆಲ್ಲ ನಗಿಸಿದ್ದಳು ಅವಳು. ಅವತ್ತು ಅದರ ಕೆಳಗೇ ನಿಂತು ಪಾಠ ಒಪ್ಪಿಸಿದಳು.

ಉದಾಹರಣೆಗೆ ಅವಳು ಆರಿಸಿಕೊಂಡಿದ್ದು ‘ನಗುವ ಮನೆ’ಯವನನ್ನು. ಅವನಿಗೆ ಯಂತ್ರ ಆರಿಸಿದ್ದು ಕೋನಗಳ ಪಾಠ. ‘ಯಾಕೆ?’ ಒತ್ತಿದಳು. ಸಾಲುಗಳು ಒಂದೊಂದಾಗಿ ಗೋಡೆಯ ಮೇಲೆ ಬಂದವು.

‘ಈ ಕಲಿಯುವವರು — ತಡವರಿಸುತ್ತಾರೆ — ಕೋನದಲ್ಲಿ.’ ‘ಈ ಕಲಿಯುವವರು — ಬಳಸುತ್ತಾರೆ — ಮರದ ಪಟ್ಟಿ, ಗರಗಸ.’ ‘ಪಟ್ಟಿಗಳು ಕೂಡುವ ಮೂಲೆ — ಉದಾಹರಣೆ — ಕೋನಕ್ಕೆ.’ ‘ಈ ಕಲಿಯುವವರು — ಸೇರಿದ್ದಾರೆ — ನಗುವ ಮನೆಗೆ.’ ಆದ್ದರಿಂದ ಮೂಲೆ ಕೂಡಿಸುವ ವಿಡಿಯೊದಿಂದ ಕೋನ ಕಲಿಸು. ಹಗಲು ಹೊತ್ತು ಕಲಿಸು. ಮನೆಯಲ್ಲಿ ಸದ್ದು ಮಾಡಬೇಡ.

ಯಾರೋ ಬಡಗಿ ಇರಬೇಕು ಎಂದುಕೊಂಡಿದ್ದಳು ಅವಳು. ಅಷ್ಟರ ಮೇಲೆ ಯೋಚಿಸಿರಲಿಲ್ಲ.

"ನಗುವ ಮನೆ ಅಂದ್ರೆ ಏನಮ್ಮಾ?" ಎಂದು ಅಧಿಕಾರಿಣಿ ಕೇಳಿದರು. ಅವಳು ಆ ಮಾತನ್ನು ಓದಿ ಹೇಳಿದಳು.

"ಅಯ್ಯೋ ಪಾಪ. ಯಾರಪ್ಪಾ ಆ ಮಹಾತಾಯಿ?"

"ಗೊತ್ತಿಲ್ಲ ಮೇಡಂ. ಆದ್ರೆ ಗಂಡನಿಗಿಂತ ಮೊದ್ಲು ಅವಳನ್ನ ಸೇರಿಸ್ಕೊಂಡು ಒಂದನೇ ಕ್ಲಾಸಿಂದ ಪಾಠ ಮಾಡ್ಬೇಕು!"

ಕೋಣೆಗೆ ಕೋಣೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಅತಿಥಿಗಳು ನಕ್ಕಿದ್ದು ನೋಡಿ ಕಂಪನಿಯ ಮುಖ್ಯಸ್ಥರಿಗೆ ಹುರುಪು ಬಂತು. "ಹೆಸರೆಲ್ಲ ತೆಗೆದಿರ್ತೀವಿ ಮೇಡಂ. ಬೇಕಾದ್ರೆ ಅವರ ಬಾಯಲ್ಲೇ ಕೇಳಿ" ಎಂದು, ತಮ್ಮ ಪರದೆಯಲ್ಲಿ ಮಾತ್ರ ಇದ್ದ ಮೂಲ ದನಿಯ ಗುಂಡಿ ಒತ್ತಿಬಿಟ್ಟರು.

"ನಮಸ್ಕಾರ... ಇಲ್ಲೇ ಮಾತಾಡ್ಬೇಕಾ?"

ಅಷ್ಟು ಸಾಕಾಯಿತು. ಟೀಚರಮ್ಮನ ಮುಖದಲ್ಲಿ ನಗು ಇನ್ನೂ ಇತ್ತು, ಅದನ್ನು ಎಲ್ಲಿ ಇಳಿಸುವುದು ಎಂದು ತಿಳಿಯಲಿಲ್ಲ.

"ಯಾಕ್ ಕಲೀಬೇಕು ಅಂದ್ರೆ... ನಮ್ಮ ಮಗಳು ಲೆಕ್ಕದ ಪುಸ್ತಕ ಹಿಡ್ಕೊಂಡು ನನ್ನ ದಾಟ್ಕೊಂಡು ಅವರಮ್ಮನ ಹತ್ರ ಹೋಗ್ತಾಳೆ. ಒಂದ್ ದಿನ ಆದ್ರೂ ತಾನಾಗೇ ನನ್ನ ಹತ್ರ ನಿಂತು ಕೇಳ್ಬೇಕು. ಅಷ್ಟೇ. ಅಡ್ಡಿ ಅಂದ್ರೆ... ಮನೆಯವಳು ನಗ್ತಾಳೆ. ನಾನು ಮಾಡಿದ ತಪ್ಪನ್ನ ಬಂದೋರ ಮುಂದೆ ಹೇಳಿ ನಗಿಸ್ತಾಳೆ. ಅದಕ್ಕೆ ಮನೇಲಿ ಪುಸ್ತಕ ಹಿಡಿಯೋಕೆ ಧೈರ್ಯ ಬರಲ್ಲ. ಕೆಟ್ಟೋಳಲ್ಲ. ಬಹಳ ಒಳ್ಳೆಯವಳು. ಲೆಕ್ಕದಲ್ಲಿ ಅವಳಷ್ಟು ಜಾಣೆ ಇನ್ನೊಬ್ಳಿಲ್ಲ. ನಾನೂ ನಗ್ತೀನಿ ಜೊತೆಗೆ. ಆದ್ರೆ ಆಮೇಲೆ ಅಂಗಡೀಗೆ ಬಂದು ಕೂತ್ರೆ ಕೈ ಓಡಲ್ಲ."

ಆಸೆಯ ಮೇಜಿನ ಹುಡುಗಿ ಗೋಡೆಯ ಮೇಲಿನ ಫ್ರೇಮು ನೋಡಿದಳು, ಟೀಚರಮ್ಮನನ್ನು ನೋಡಿದಳು, ತಲೆ ತಗ್ಗಿಸಿದಳು. ದನಿ ಗುರುತಿದ್ದ ಇನ್ನೂ ಒಬ್ಬಿಬ್ಬರು ತಮ್ಮ ತಮ್ಮ ಫೋನುಗಳಲ್ಲಿ ಏನನ್ನೋ ಹುಡುಕತೊಡಗಿದರು. ಟೀಚರಮ್ಮನಿಗೆ ಕಿವಿಯ ತುದಿಯಿಂದ ಅಂಗಾಲಿನ ತನಕ ನಾಚಿಕೆ ಸುಟ್ಟಿತು. ಯಾರಾದರೂ ಒಬ್ಬರು ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದಳು. ಯಾರೂ ನಗಲಿಲ್ಲ. ನೆಲ ಬಾಯಿಬಿಟ್ಟು ನುಂಗಬಾರದೇ ಎಂದು ಜನ ಹೇಳುವುದನ್ನು ಕೇಳಿದ್ದಳು. ನಿಜಕ್ಕೂ ಕಾಲ ಕೆಳಗಿನ ನೆಲ ನೋಡಿದಳು.

"ಎಷ್ಟು ಒಳ್ಳೆ ಮನುಷ್ಯ" ಎಂದರು ಅಧಿಕಾರಿಣಿ. "ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ ಇವರು? ನಿಮಗೇನಾದ್ರೂ ಗೊತ್ತಾ?"

ಆಗಲಾದರೂ ಬಾಯಿ ಬಿಡಬಹುದಿತ್ತು. ಕೊನೆಯ ಬೆಂಚಿಗೆ ಕೇಳಿಸುವ ದನಿ ಅವಳದು.

"ಇಲ್ಲ ಮೇಡಂ" ಎಂದಳು. "ಇಂಥೋರು ಬೇಕಾದಷ್ಟು ಜನ ಇದ್ದಾರೆ."

ಹಾಗೆ ಹೇಳಿ ಉಳಿದ ಪಾಠವನ್ನೂ ಒಪ್ಪಿಸಿದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಕೊನೆಗೆ ಚಪ್ಪಾಳೆಯನ್ನೂ ತಟ್ಟಿಸಿಕೊಂಡಳು. ಅದಕ್ಕಿಂತ ನಾಚಿಕೆಗೇಡು ಅವಳ ಜೀವನದಲ್ಲಿ ನಡೆದಿರಲಿಲ್ಲ.

ಅತಿಥಿಗಳು ಹೋದ ಮೇಲೆ ಮುಖ್ಯಸ್ಥರ ಹತ್ತಿರ ಹೋದಳು. ಮೂಲ ದನಿಯ ಗುಂಡಿಯನ್ನು ಕಿತ್ತುಹಾಕಬೇಕು ಎಂದಳು. "ಹೆಸರು ಇರಲಿಲ್ಲವಲ್ಲ?" ಎಂದರು ಅವರು. "ಮನೆಯೋರಿಗೆ ದನಿ ಸಾಕು ಸರ್" ಎಂದಳು. ಅವರು ಒಂದು ಗಳಿಗೆ ಅವಳ ಮುಖ ನೋಡಿ, ಆಮೇಲೆ ಗೋಡೆಯ ಫ್ರೇಮುಗಳನ್ನು ನೋಡಿ, ಹೂಂ ಎಂದು ತಲೆಯಾಡಿಸಿದರು. ಗುಂಡಿ ಅವತ್ತೇ ಹೋಯಿತು.

ಮೇಜಿಗೆ ಬಂದು ಗಂಡನ ದಾಖಲೆ ತೆರೆದಳು. ಅಷ್ಟೂ ಪಾಠಗಳನ್ನು ಅವನು ಅಂಗಡಿಯಲ್ಲೇ ಕೂತು ನೋಡಿದ್ದ. ಸಂಜೆ ಮನೆಯ ಬಾಗಿಲು ದಾಟುತ್ತಿದ್ದ ಹಾಗೇ ಪಾಠ ಮೂಗನಾಗುತ್ತಿತ್ತು. ಅವನನ್ನು ಅವಳಿಂದ ಬಚ್ಚಿಟ್ಟಿದ್ದು ಅವಳೇ ಬರೆದ ನಿಯಮ. ‘ನಗುವ ಮನೆ’ ಎಂಬ ಗುರುತನ್ನು ಅಳಿಸಿಹಾಕಲು ಕೈ ಮುಂದೆ ಹೋಯಿತು.

ಆಸೆಯ ಮೇಜಿನ ಹುಡುಗಿ ನೀರಿನ ಲೋಟ ತಂದಿಟ್ಟು, ಪಿಸುದನಿಯಲ್ಲಿ ಹೇಳಿದಳು: "ಬೇಡ ಅಕ್ಕಾ. ಅಳಿಸಿದ್ರೆ ಮನೇಲೇ ಗಂಟೆ ಹೊಡೆಯತ್ತೆ. ನಿಮ್ಮೋರು ಮಗಳ ಮುಂದೆ ಸಿಕ್ಕಿಬೀಳ್ತಾರೆ. ಅವರೇ ತೆಗೀಬೇಕು ಅಂತ ನೀವೇ ತಾನೆ ಮೇಜು ಕುಟ್ಟಿದ್ದು?"

ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಅಂಗಡಿಗೆ ಹೋದಳು. ಅವನು ಕಿವಿಗೆ ವೈರು ಸಿಕ್ಕಿಸಿಕೊಂಡು, ಎರಡು ಪಟ್ಟಿಗಳ ಓರೆ ತುದಿಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ಮೂಲೆಯಲ್ಲಿ ಒಂದು ಕೂದಲು ತೂರುವಷ್ಟೂ ಸಂದು ಇರಲಿಲ್ಲ. ಅವಳನ್ನು ಕಂಡ ಕೂಡಲೇ ಫೋನನ್ನು ಮಗುಚಿ ಹಾಕಿದ.

"ಇದೇನು, ಇಷ್ಟು ಬೇಗ?"

"ಇವತ್ತು ಆಫೀಸಲ್ಲಿ ನಿಮ್ಮ ದನಿ ಹಾಕಿದ್ರು ರೀ."

ಅವನು ಪಟ್ಟಿಗಳನ್ನು ಕೆಳಗಿಟ್ಟ. "ದನಿ ಕೇಳ್ಸಲ್ಲ ಅಂದಿದ್ದೆ ನೀನು."

"ಅಂದಿದ್ದೆ."

"ಜನ ಇದ್ರಾ?"

"ಕೋಣೆ ತುಂಬ."

"ನಕ್ರಾ?"

"ದನಿ ಕೇಳಿದ್ಮೇಲೆ ಯಾರೂ ನಗ್ಲಿಲ್ಲ. ಅದಕ್ಕೂ ಮೊದ್ಲು ನಕ್ರು. ನಗಿಸಿದ್ದು ನಾನೇ."

ಅವನು ಮೇಜಿನ ಮೇಲಿನ ಮರದ ಪುಡಿಯನ್ನು ಅಂಗೈಯಿಂದ ಒಂದು ಕಡೆಗೆ ಗುಡ್ಡೆ ಮಾಡಿದ. "ನನ್ನ ಗಂಡ ಅಂತ ಹೇಳಿದ್ಯಾ?"

ಬರುವಾಗ ದಾರಿಯುದ್ದಕ್ಕೂ ಈ ಒಂದು ಮಾತನ್ನು ಅವನು ಕೇಳದೆ ಇದ್ದರೆ ಸಾಕು ಎಂದುಕೊಂಡಿದ್ದಳು.

"ಕೇಳಿದ್ರು. ಗೊತ್ತಿಲ್ಲ ಅಂದೆ."

"ಹೋಗ್ಲಿ ಬಿಡು. ನನಗೆ ನಾಚಿಕೆ ಆಗಿ ಮುಚ್ಚಿಟ್ಟೆ. ನಿನಗೂ ನಾಚಿಕೆ ಆಗಿರತ್ತೆ, ನನ್ನಿಂದ."

"ನಿಮ್ಮಿಂದ ಅಲ್ಲ ರೀ. ನನ್ನಿಂದಾನೇ."

ಅವನು ನಂಬಿದ ಹಾಗೆ ಕಾಣಲಿಲ್ಲ. "ನೀನು ಹೋಗಿರು. ಇದೊಂದು ಕೂಡಿಸಿ ಬರ್ತೀನಿ" ಎಂದು ಗೋಂದಿನ ಡಬ್ಬಿ ತೆಗೆದ.

ಆಮೇಲೆ ಟೀಚರಮ್ಮ ಪ್ರಾಯಶ್ಚಿತ್ತಕ್ಕೆ ಹೊರಟಳು, ಅವಳು ಏನೇ ಮಾಡಲಿ ಅತಿಯಾಗಿಯೇ ಮಾಡುವವಳು. ಮನೆಯಲ್ಲಿ ನಗುವುದನ್ನೇ ಬಿಟ್ಟಳು. ಗಂಡನ ಕೈಯಿಂದ ಲೋಟ ಬಿದ್ದರೆ ಗೋಡೆ ನೋಡುತ್ತಿದ್ದಳು. ಅವನು ತಾರೀಕು ತಪ್ಪಿ ಹೇಳಿದರೆ, ಹೌದು ಹೌದು ಎನ್ನುತ್ತಿದ್ದಳು. ಮಗಳು ಲೆಕ್ಕದ ಪುಸ್ತಕ ತಂದರೆ, "ಅಪ್ಪನ ಹತ್ರ ಕೇಳು, ಹೋಗು" ಎಂದು ಅಟ್ಟುತ್ತಿದ್ದಳು. ಮಗಳು ಕಾಲೆಳೆದುಕೊಂಡು ಹೋಗಿ ಅಪ್ಪನ ಮುಂದೆ ಪುಸ್ತಕ ಇಟ್ಟು, ಅವನು ಪುಟ ತಿರುವುವಷ್ಟರಲ್ಲಿ ಕಿಟಕಿಯಾಚೆ ನೋಡುತ್ತಿದ್ದಳು. ಅವನು ನಾಲ್ಕು ಸಾಲು ಓದಿ, "ನಾಳೆ ನೋಡೋಣ" ಎನ್ನುತ್ತಿದ್ದ.

ಪ್ರತಿ ಪಾಠ ಮುಗಿದಾಗಲೂ ಯಂತ್ರ ಕೇಳುತ್ತಿತ್ತು, ಅಡ್ಡಿ ಇನ್ನೂ ಇದೆಯೇ ಎಂದು. ಒಂದು ಬೆಳಿಗ್ಗೆ ಅಡ್ಡಿಯ ಮೇಜಿಗೆ, ಹೆಸರಿಲ್ಲದೆ, ಈ ಮಾತು ಬಂತು: ‘ಇದೆ. ಆದರೆ ಬೇರೆ ಥರ. ಈಗ ನಮ್ಮ ಮನೆಯಲ್ಲಿ ಯಾರೂ ನಗುವುದಿಲ್ಲ. ಕಾಯಿಲೆಯವರು ಇರುವ ಮನೆ ಆಗಿದೆ. ಮಗಳನ್ನು ನನ್ನ ಹತ್ತಿರ ಕಳಿಸುತ್ತಾಳೆ. ಕಳಿಸಿದರೆ ಬರುವುದು ನನಗೆ ಬೇಡ. ಇದನ್ನು ಓದುವವರು ಟೀಚರಾಗಿದ್ದರೆ ಅವರಿಗೆ ಅರ್ಥವಾಗುತ್ತದೆ.’

ಈ ಅಡ್ಡಿಗೆ ಅವಳ ವರ್ಗಗಳಲ್ಲಿ ಹೆಸರೇ ಇರಲಿಲ್ಲ. ಓದಿದಳು, ಮತ್ತೆ ಓದಿದಳು, ಸೆರಗಿನಲ್ಲಿ ಮುಖ ಒರೆಸಿಕೊಂಡಳು. ತನ್ನ ನಾಚಿಕೆಯನ್ನೂ ಅವನ ತಲೆಯ ಮೇಲೆಯೇ ಹೊರಿಸಿದ್ದೇನೆ ಎಂದು ಆಗ ತಿಳಿಯಿತು. ಆ ಸಂಜೆಯಿಂದ ಮಗಳನ್ನು ಅಟ್ಟುವುದು ಬಿಟ್ಟಳು. ಅವನಿಗೆ ಏನು ಹೇಳಬೇಕು ಎಂಬುದು ಮಾತ್ರ ತಿಳಿಯಲಿಲ್ಲ.

ಮುಂದಿನ ರಜೆಗೆ ಅಣ್ಣ ಅತ್ತಿಗೆ ಮತ್ತೆ ಊಟಕ್ಕೆ ಬಂದರು. ತಂಗಿ ಸುಮ್ಮನೆ ಬಡಿಸುತ್ತಿದ್ದದ್ದು ನೋಡಿ ಅಣ್ಣನಿಗೆ ಊಟ ರುಚಿಸಲಿಲ್ಲ. "ಯಾಕೇ, ಭಾವನ ಅಂಗಡೀಲಿ ಏನೂ ವಿಶೇಷ ಇಲ್ವಾ?" ಎಂದ. ಅವಳು ತಲೆ ಅಲ್ಲಾಡಿಸಿದಳು.

ಆಗ ಗಂಡನ ಅಂಗಿಯ ಜೇಬಿನಲ್ಲಿ ಸ್ಕೂಲಿನ ಗಂಟೆ ಹೊಡೆಯಿತು.

ಅವಳ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಆ ಗಂಟೆ ಈ ಮನೆಯಲ್ಲಿ ಹೊಡೆಯಲು ಇದ್ದದ್ದು ಒಂದೇ ದಾರಿ; ಅಡ್ಡಿ ಈಗಿಲ್ಲ ಎಂದು ಅವನೇ ಹೇಳಿರಬೇಕು. ಹಾಗೆ ಹೇಳಿಸಿಕೊಳ್ಳುವಂಥದ್ದು ಅವಳು ಏನೂ ಮಾಡಿರಲಿಲ್ಲ. ಆದದ್ದಾಗಲಿ, ನೋಡೇಬಿಡೋಣ ಎಂದುಕೊಂಡು ಅವನು ಯಂತ್ರಕ್ಕೆ ಹಾಗೆ ಹೇಳಿದ್ದ ಅಷ್ಟೇ.

"ಇದೇನ್ ಭಾವ, ಜೇಬಲ್ಲಿ ಸ್ಕೂಲ್ ಇಟ್ಕೊಂಡಿದೀರಾ?" ಎಂದು ಅಣ್ಣ ನಕ್ಕು, ಮುಂದಿನದು ನಿನ್ನದು ಎನ್ನುವ ಹಾಗೆ ತಂಗಿಯ ಕಡೆ ತಿರುಗಿದ. ಅತ್ತಿಗೆಯೂ ತಿರುಗಿದಳು. ಮಗಳು ಬಾಗಿಲಲ್ಲಿ ನಿಂತಳು. ಗಂಡ ಮಾತ್ರ ಯಾವತ್ತಿನ ಹಾಗೆ ಮೊದಲೇ ನಗಲಿಲ್ಲ. ಅವಳನ್ನೇ ನೋಡುತ್ತ ಕೂತ.

ಅವಳು ಸೌಟು ಕೆಳಗಿಟ್ಟಳು.

"ವಿಶೇಷ ಕೇಳಿದ್ಯಲ್ಲ ಅಣ್ಣ, ಕೇಳು. ಒಬ್ಬಳು ಟೀಚರಮ್ಮ ಇದ್ಲು. ಊರಿನವರ ಅಡ್ಡಿಯೆಲ್ಲ ಹುಡುಕೋದೇ ಅವಳ ಕೆಲಸ. ಗಂಡನ್ನ ನೋಡಿ ನಗೋ ಹೆಂಗಸೊಬ್ಬಳು ಇದಾಳೆ ಅಂತ ಗೊತ್ತಾಯ್ತು. ಬಿಡ್ತಾಳಾ? ಕೈಗೆ ಸಿಕ್ರೆ ಎರಡು ಬಿಗೀತೀನಿ ಅಂತ ತನ್ನ ಗಂಡನ ಹತ್ರಾನೇ ಹೇಳಿದ್ಲು. ದೊಡ್ಡ ಆಫೀಸರ್ ಮುಂದೆ, ಅವಳನ್ನ ಒಂದನೇ ಕ್ಲಾಸಿಗೆ ಹಾಕ್ಬೇಕು ಅಂದ್ಲು!"

ಅಣ್ಣ ನಕ್ಕ. ಅತ್ತಿಗೆಯೂ ನಕ್ಕಳು. ಗಂಟೆ ಬಿಟ್ಟು ಮತ್ತೆ ಹೊಡೆಯಿತು.

"ಆ ಹೆಂಗಸು ನಾನೇ. ಇವರು ನಮ್ಮ ಪಾಠಕ್ಕೆ ಸೇರಿದ್ರು, ಪರೀಕ್ಷೆ ಕಟ್ಟೋಕೆ. ನನಗೆ ಹೆದರಿ ಅಂಗಡೀಲಿ ಕೂತು ಕಲೀತಿದ್ರು. ಇಲ್ಲೇ, ಇದೇ ಮೇಜಿನ ಹತ್ರ, ನಾನು ನಗಿಸಿ ನಗಿಸಿ ಇವರಿಗೆ ಕೈ ಓಡದೆ ಇರೋ ಹಂಗೆ ಮಾಡಿದೆ. ಇವರ ದನಿ ಕೇಳಿದ ಆಫೀಸರು, ಇವರು ಯಾರು ಗೊತ್ತಾ ಅಂದ್ರು. ಗೊತ್ತಿಲ್ಲ ಅಂದೆ." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಗೊತ್ತು. ನನ್ನ ಗಂಡ ಇವರು."

ಅಣ್ಣ ತಟ್ಟೆ ನೋಡಿದ. ಪ್ರತಿ ಸಲ ವಿಶೇಷ ಕೇಳುತ್ತಿದ್ದವನು ತಾನೇ ಎಂದು ಅವನಿಗೂ ನೆನಪಾಗಿರಬೇಕು. ಮಗಳ ಮುಖ ಕೆಂಪಾಯಿತು. ಗಂಟೆ ಹೊಡೆಯುತ್ತಲೇ ಇತ್ತು.

ನಕ್ಕವನು ಗಂಡನೊಬ್ಬನೇ. ಜೇಬಿನಿಂದ ಫೋನು ತೆಗೆದು ಹಿಂದೆ ಮುಂದೆ ತಿರುಗಿಸಿದ. "ಕಥೆ ಹೇಳೋದ್ರಲ್ಲಿ ಇವಳನ್ನ ಮೀರಿಸೋರಿಲ್ಲ" ಎಂದ. "ಆದ್ರೆ ಇದನ್ನ ನಿಲ್ಲಿಸೋದು ಹೆಂಗೆ ಅಂತ ಯಾರಾದ್ರೂ ಹೇಳ್ತೀರಾ? ಅಂಗಡೀಲಿ ಗಂಟೆಗೆ ಮುಂಚೇನೇ ಪಾಠ ತೆಗೀತಿದ್ದೆ, ಇದು ಹಿಂಗೆ ಬಡ್ಕೊಂಡಿದ್ದು ಇವತ್ತೇ ಮೊದ್ಲು."

ಟೀಚರಮ್ಮನಿಗೆ ಅಳುವಿನ ಮಧ್ಯೆ ನಗು ಬಂತು. ಅದನ್ನು ತಡೆಯಲಿಲ್ಲ.

ಮಗಳು ಬಂದು ಅಪ್ಪನ ಕುರ್ಚಿಯ ಪಕ್ಕ ನಿಂತು ಪಾಠ ತೆರೆದಳು. ಗಂಟೆ ನಿಂತಿತು. ಅವಳು ಪರದೆ ನೋಡುತ್ತ ಅಲ್ಲೇ ಉಳಿದಳು. "ಅಪ್ಪಾ, ಈ ಕೋನದ್ದು ನಮಗೂ ಇದೆ. ನಂಗಿದು ತಲೆಗೇ ಹೋಗಿಲ್ಲ. ನಿಂಗ್ ಬರತ್ತಾ?"

"ಎಲ್ಲಿ, ತೋರ್ಸು" ಎಂದ ಅವನು.

ಟೀಚರಮ್ಮ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು, ಮುಖ ತೋರಿಸಲು ಆಗದೆ. ಅಲ್ಲಿಂದ ಅವನ ಮಾತು ಕೇಳಿಸುತ್ತಿತ್ತು. ಎರಡು ಪಟ್ಟಿ, ಒಂದು ಮೂಲೆ, ಎರಡು ಓರೆ ಕೂಡಿದರೆ ಎಷ್ಟು ಎಂದು ಹೇಳುತ್ತಿದ್ದ. ನಡುವೆ ಒಂದು ಕಡೆ ತಪ್ಪಿದ. ಅವಳ ನಾಲಿಗೆ ತುದಿಗೆ ಸರಿಯುತ್ತರ ಬಂತು, ಅದರ ಹಿಂದೆಯೇ ಒಂದು ತಮಾಷೆಯೂ ಬಂತು. ಅವಳು ನಲ್ಲಿ ತಿರುಗಿಸಿ ಪಾತ್ರೆ ತೊಳೆಯುತ್ತ ಕಾದಳು. ಸ್ವಲ್ಪ ಹೊತ್ತಿಗೆ ಅವನೇ ತಿದ್ದಿಕೊಂಡ.